ಕಾದ ಬಂಡೆಗೆ ಸುರಿದ ನೀರು

ಈ ಏಪ್ರಿಲ್ ತಿಂಗಳಲ್ಲಿ ಲಿಂಗರಾಜಪುರದಲ್ಲಿ ನನ್ನ ನಾದಿನಿಯ ಮಗಳ ಗೃಹಪ್ರವೇಶವಿತ್ತು. ನಾವು ಹೋಗುವ ಹೊತ್ತಿಗೆ ನಡುಮಧ್ಯಾಹ್ನ. ಚಪ್ಪಲಿ ಗೇಟಿನ ಹೊರಗೇ ಬಿಡಬೇಕು, ಮೆಟ್ಟಿಲುಗಳೋ ಕರಿ ಗ್ರಾನೈಟಿನವು. ರೇಷ್ಮೆ ಸೀರೆ ಉಟ್ಟವರು, ಪಂಚೆ ಉಟ್ಟವರು ಎಲ್ಲರೂ ಕಾಲು ಸುಟ್ಟುಕೊಂಡು ಕುಣಿಯುತ್ತ ಒಳಗೆ ಓಡುತ್ತಿದ್ದರು. "ಒಂದು ಬಕೆಟ್ ನೀರಾದ್ರೂ ಹಾಕ್ರಪ್ಪ, ಬಂದೋರ ಕಾಲು ಬೆಂದ್ಹೋಗ್ತಿದೆ" ಎಂದರು ಯಾರೋ ಹಿರಿಯರು. ನೀರು ಬಿತ್ತು. ಚುಂಯ್ ಎಂದಿತು ಕಲ್ಲು. ಕಾದ ಕಲ್ಲಿನಿಂದ ಏಳುವ ಆ ವಾಸನೆ, ಮಣ್ಣಿನದೂ ಅಲ್ಲ ಹೊಗೆಯದೂ ಅಲ್ಲ, ನನ್ನ ಮೂಗಿಗೆ ಬಂತು. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ.

"ಬಿಸಿಲಲ್ಲಿ ಯಾಕ್ ನಿಂತ್ರಿ, ಬನ್ರೀ" ಎಂದು ಹೆಂಡತಿ ವಿಮಲ ಹಿಂದಿರುಗಿ ಕರೆದಳು. ಆಮೇಲೆ ಅವಳ ಕಣ್ಣು ಆ ಒದ್ದೆ ಮೆಟ್ಟಿಲಿನ ಮೇಲೆ ಬಿತ್ತು. ಮತ್ತೆ ಕರೆಯಲಿಲ್ಲ, ಒಬ್ಬಳೇ ಒಳಗೆ ಹೋದಳು.

ನಮ್ಮದು ಮೊದಲು ಕೆ.ಆರ್. ಪುರದ ಆಚೆಗಿದ್ದು ಈಗ ಅದರೊಳಗೇ ಕರಗಿಹೋಗಿರುವ ಒಂದು ಹಳ್ಳಿ. ರಾಗಿ, ಹುರುಳಿ ಬೆಳೆಯುತ್ತಿದ್ದ ಮನೆತನ. ಹೊಲಗಳೆಲ್ಲ ಸೈಟುಗಳಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಮನೆ, ಮನೆಯ ಹಿಂದೆ ನೆಲಕ್ಕೆ ಅಂಟಿಕೊಂಡು ಮಲಗಿದ್ದ ಅಗಲವಾದ ಬಂಡೆ, ಬಂಡೆಯ ಅಂಚಿನಲ್ಲಿ ಒಂದು ಬಾವಿ. ಬಂಡೆಯ ಪಕ್ಕದಲ್ಲಿ ಅಪ್ಪ ಶೀಟು ಹೊದಿಸಿದ ಹತ್ತು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕೂಲಿಗೆ ಬಂದ ಸಂಸಾರಗಳು ಅಲ್ಲಿದ್ದವು. ಆಗ ನಾನು ಹಲಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಓನರ್ರೂ ನಾನೇ, ಮೇಷ್ಟ್ರೂ ನಾನೇ, ಹಾಗಾಗಿ ವಠಾರದಲ್ಲಿ ನನ್ನ ಮಾತಿಗೆ ಎದುರು ಮಾತಾಡುವವರು ಇರಲಿಲ್ಲ. ಮನುಷ್ಯನಿಗೆ ಅದು ಒಳ್ಳೆಯದಲ್ಲ ಅಂತ ಆಗ ನನಗೆ ಹೊಳೆದಿರಲಿಲ್ಲ.

ಬಂಡೆಯ ಮೇಲೆ ಒಂದು ಕಾಲಕ್ಕೆ ನಮ್ಮ ರಾಗಿ ಒಣಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡುವ ಹಾಗಿರಲಿಲ್ಲ. ಹೊತ್ತು ಮುಳುಗಿ ತಂಗಾಳಿ ಬಿಟ್ಟಾಗ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬರುತ್ತಿತ್ತು. "ಬಂಡೆ ಮೈ ಮುರೀತೈತೆ, ಕೇಳು" ಎನ್ನುತ್ತಿದ್ದಳು ತೀರಿಹೋದ ನನ್ನ ಅಮ್ಮ. ಮುಂದೆ ನಾನು ಅದನ್ನೇ ಪಾಠವಾಗಿ ಹೇಳಿದೆ. ಹಗಲು ಕಾದ ಕಲ್ಲು ಹಿಗ್ಗುತ್ತದೆ, ಇರುಳು ತಣಿದು ಕುಗ್ಗುತ್ತದೆ. ಶಾಖ ಕಲ್ಲಿನೊಳಕ್ಕೆ ಬೇಗ ಇಳಿಯುವುದಿಲ್ಲ, ಹೊರಮೈ ಹಿಗ್ಗಿದರೂ ಒಳಗಿನದು ಇದ್ದ ಹಾಗೇ ಇರುತ್ತದೆ. ಈ ಎಳೆದಾಟದಲ್ಲಿ ವರ್ಷಾನುಗಟ್ಟಲೆ ಸವೆದು ಮೇಲಿನ ಪದರ ಈರುಳ್ಳಿ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಇಷ್ಟು ಹೇಳಿ, ಒಂದು ಗಾಜಿನ ಗೋಲಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿ ತಣ್ಣೀರಿಗೆ ಹಾಕಿ ತೋರಿಸುತ್ತಿದ್ದೆ. ಗೋಲಿಯೊಳಗೆ ಬೆಳ್ಳಿಯ ಎಳೆಗಳಂತೆ ಬಿರುಕು ಮೂಡುವುದನ್ನು ನೋಡಿ ಮಕ್ಕಳು ಓ ಎನ್ನುತ್ತಿದ್ದರು. ಆ ಪಾಠಕ್ಕೆ ನನಗೆ ಸ್ಕೂಲಿನಲ್ಲಿ ಒಳ್ಳೆಯ ಹೆಸರಿತ್ತು.

ಬಾವಿಗೆ ಅಂಟಿಕೊಂಡಂತಿದ್ದ ಕೊನೆಯ ರೂಮಿನಲ್ಲಿ ಮಲ್ಲಪ್ಪ, ಶರಣಮ್ಮ ಎಂಬ ಗಂಡ ಹೆಂಡತಿ ಇದ್ದರು. ಯಾದಗಿರಿ ಕಡೆಯವರು. ಮಕ್ಕಳಿರಲಿಲ್ಲ. ಮಲ್ಲಪ್ಪನದು ಕಲ್ಲು ಸುಡುವ ಕೆಲಸ, ಅವನಪ್ಪನದೂ ಅದೇ. ಮನೆ ಕಟ್ಟಲು ಪಾಯ ತೋಡುವಾಗ ಬಂಡೆ ಸಿಕ್ಕರೆ ಊರೊಳಗೆ ಮದ್ದು ಸಿಡಿಸುವ ಹಾಗಿಲ್ಲ. ಇಕ್ಕಟ್ಟಿನ ಗಲ್ಲಿಗೆ ಯಂತ್ರ ನುಗ್ಗುವುದಿಲ್ಲ. ಆಗ ಇಂದಿರಾನಗರದಿಂದಲೋ ಜೀವನ್ ಬಿಮಾ ನಗರದಿಂದಲೋ ಯಾರಾದರೂ ಮೇಸ್ತ್ರಿ ಮಲ್ಲಪ್ಪನಿಗೆ ಫೋನ್ ಮಾಡುತ್ತಿದ್ದ. ಇವನು ಹೋಗಿ ಬಂಡೆಯ ಮೇಲೆ ಸೌದೆ ಹರವಿ, ಹದವಾಗಿ ಉರಿ ಕೊಟ್ಟು, ಪದರ ಪದರವಾಗಿ ಬಿಡಿಸಿ ಕೊಟ್ಟು ಬರುತ್ತಿದ್ದ. ಶರಣಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊದಮೊದಲು ವಠಾರದವರಿಗೆ, ಆಮೇಲೆ ಅವರ ಕಡೆಯ ಹುಡುಗರಿದ್ದ ಪಿ.ಜಿ.ಗಳಿಗೆ, ಕೊನೆಗೆ ಎರಡು ಖಾನಾವಳಿಗಳಿಗೆ. ನಸುಕಿನಲ್ಲಿ ಅವಳು ರೊಟ್ಟಿ ತಟ್ಟುವ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಆರು ವರ್ಷದಲ್ಲಿ ಇಬ್ಬರು ಹೆಂಗಸರನ್ನು ಸಹಾಯಕ್ಕೆ ಇಟ್ಟುಕೊಳ್ಳುವಷ್ಟು ಬೆಳೆದಿದ್ದಳು. ಹಿಟ್ಟು ನಾದುವುದರಿಂದ ಹಿಡಿದು ಹೆಂಚು, ಪಾತ್ರೆ ತೊಳೆಯುವ ತನಕ ಅವಳ ಕಸುಬೆಲ್ಲ ಆ ಬಾವಿಯ ನೀರಿನ ಮೇಲೆ ನಿಂತಿತ್ತು.

ಅವರು ಬಂದ ಆರನೆಯ ವರ್ಷದ ಬೇಸಿಗೆ ಬೆಂಗಳೂರಿನಲ್ಲಿದ್ದ ಯಾರಿಗೂ ಮರೆಯುವಂಥದಲ್ಲ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಫೆಬ್ರುವರಿಯಲ್ಲೇ ಸುತ್ತಮುತ್ತಲ ಬೋರ್‌ವೆಲ್ಲುಗಳು ಗಾಳಿ ಉಗುಳತೊಡಗಿದವು. ಟ್ಯಾಂಕರಿನವರು ದೇವರಾದರು. ನಮ್ಮ ಬಾವಿಯಲ್ಲಿ ಮಾತ್ರ ಎದೆಮಟ್ಟ ನೀರು ನಿಂತಿತ್ತು. ಬೇರೆ ಬೀದಿಯವರು ಬಂದು ಬಗ್ಗಿ ನೋಡಿ ಹೋಗುತ್ತಿದ್ದರು. ನಮ್ಮ ಕಾಂಪೌಂಡಿನ ಆಚೆ ಒಂದು ಅಪಾರ್ಟ್‌ಮೆಂಟಿಗೆಂದು ಎರಡು ಅಂತಸ್ತಿನಷ್ಟು ಗುಂಡಿ ತೋಡಿದ್ದರು. ಅದು ನಮ್ಮ ಬಾವಿಯ ತಳಕ್ಕಿಂತ ಆಳವಾಗಿತ್ತು. ಆ ಗುಂಡಿಗೂ ನಮ್ಮ ನೀರಿಗೂ ನಡುವೆ ಇದ್ದದ್ದು ನಮ್ಮ ಬಂಡೆ ಒಂದೇ, ನೀರನ್ನು ತಡೆದಿದ್ದದ್ದೂ ಅದೇ.

ಬಾವಿ ಎಷ್ಟು ದಿನ ಬಂದೀತು ಎಂಬ ಹೆದರಿಕೆ ನನಗಿತ್ತು. ಒಂದು ಸಂಪು ತೋಡಿಸಿದರೆ ಟ್ಯಾಂಕರ್ ನೀರು ತುಂಬಿಸಿಕೊಳ್ಳಬಹುದು, ಬಾವಿಗೂ ವಿಶ್ರಾಂತಿ ಎಂದು ಯೋಚಿಸಿದೆ. ಯೋಚನೆ ಕೆಟ್ಟದ್ದಾಗಿರಲಿಲ್ಲ. ಅದೊಂದನ್ನು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಟ್ಯಾಂಕರಿನ ಪೈಪು ಎಟುಕುವ ಜಾಗವೆಂದರೆ ಬಂಡೆಯ ಈ ತುದಿ, ಬಾವಿಯಿಂದ ಹತ್ತು ಹನ್ನೆರಡು ಅಡಿ. ಮಲ್ಲಪ್ಪನನ್ನು ಕರೆದು ತೋರಿಸಿದೆ.

ಅವನು ಕುಕ್ಕರಗಾಲಲ್ಲಿ ಕೂತು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದ. "ಬಾವಿ ಭಾಳ ಸನಿ ಆತಲ್ರಿ ಸರ್ರ" ಎಂದ.

"ಬೇರೆ ಜಾಗ ಇಲ್ವಲ್ಲಪ್ಪ."

"ಮಾಡ್ಬೇಕಂದ್ರ ಮಾಡೋಣ್ರಿ. ಆದ್ರ ಸಾವಕಾಶ ಮಾಡ್ಬೇಕು. ಸಣ್ಣ ಉರಿ. ಬಾವಿ ಕಡಿ ಒಂದು ಮಾರಿನೊಳಗ ಬೆಂಕಿ ಒಯ್ಯಂಗಿಲ್ಲ. ಅವಸರ ಮಾಡಬ್ಯಾಡ್ರಿ ನೀವು."

ಅವನ ಕೆಲಸ ನೋಡುವುದೇ ಒಂದು ಚೆಂದವಾಗಿತ್ತು. ಬಾವಿಯ ಕಡೆಗೆ ಒದ್ದೆ ಮಣ್ಣಿನ ದಿಣ್ಣೆ ಕಟ್ಟಿದ. ಜಾಲಿ ಸೌದೆ, ತೆಂಗಿನ ಚಿಪ್ಪು ಒಂದು ಸಾಲಾಗಿ ಹರವಿ ಹಚ್ಚಿದ. ಉರಿಯನ್ನು ಉದ್ದನೆಯ ಕೋಲಿನಿಂದ ಗೇಣು ಗೇಣಾಗಿ ಮುಂದಕ್ಕೆ ಸರಿಸುತ್ತ, ಹಿಂದೆ ಬಿಟ್ಟ ಕಲ್ಲನ್ನು ತಟ್ಟಿ ನೋಡುತ್ತಿದ್ದ. ಟಣ್ ಎನ್ನುತ್ತಿದ್ದ ಕಲ್ಲು ಡಬ್ ಎಂದರೆ ಪದರ ಬಿಟ್ಟಿತೆಂದು ಲೆಕ್ಕ. ಆಮೇಲೆ ಬೂದಿ ಮುಚ್ಚಿ ಮರುದಿನದವರೆಗೆ ಹಾಗೇ ಬಿಡುತ್ತಿದ್ದ. ಮರುದಿನ ಉಳಿ ಇಟ್ಟು ಮೀಟಿದರೆ ಗೇಣು ದಪ್ಪದ ಚಪ್ಪಡಿ ರೊಟ್ಟಿ ಎದ್ದ ಹಾಗೆ ಏಳುತ್ತಿತ್ತು. ಒಂದು ವಾರದಲ್ಲಿ ಎರಡು ಪದರ ಎದ್ದವು. ನಾನು ಸ್ಕೂಲಿನಿಂದ ಬಂದವನೇ ಬಂಡೆಯ ಹತ್ತಿರ ನಿಂತು, ಅವನಿಗೆ ಗೊತ್ತಿರುವುದನ್ನೇ ಅವನಿಗೆ ವಿವರಿಸುತ್ತಿದ್ದೆ. "ಹೊರಗಿನ ಪದರ ಹಿಗ್ಗುತ್ತೆ ಮಲ್ಲಪ್ಪ, ಒಳಗಿಂದು ಹಿಗ್ಗಲ್ಲ, ಅದಕ್ಕೇ ಬಿಟ್ಕೊಳ್ಳೋದು." ಅವನು "ಹೌದ್ರಿ" ಎನ್ನುತ್ತಿದ್ದ.

ಮೂರನೆಯ ಪದರಕ್ಕೆ ಬೆಂಕಿ ಇಟ್ಟದ್ದು ಒಂದು ಶನಿವಾರ. ಮಧ್ಯಾಹ್ನದ ಹೊತ್ತಿಗೆ ಉರಿ ಮುಗಿಸಿ ಬೂದಿ ಮುಚ್ಚಿದ. ವಿಮಾನಪುರದಲ್ಲಿ ಯಾವುದೋ ಕೆಲಸ ನೋಡಿ ಬರಬೇಕು ಎಂದು ಹೊರಟ. ಹೋಗುವಾಗ ನನ್ನನ್ನು ಕರೆದು ಹೇಳಿದ: "ನಾಳಿ ಮುಂಜಾನಿ ತನಕ ಯಾರೂ ಮುಟ್ಟಬ್ಯಾಡ್ರಿ ಸರ್ರ. ಕಾದ ಕಲ್ಲು ಅಂದ್ರ ಬಾಣಂತಿ ಇದ್ದಂಗ. ತಣ್ಣೀರು ತಾಕಬಾರದು."

ನಾನು ನಕ್ಕೆ. ಕಲ್ಲಿಗೂ ಬಾಣಂತನವಂತೆ.

ಮಧ್ಯಾಹ್ನ ಮೂರರ ಸುಮಾರಿಗೆ ಗಾಳಿ ಎದ್ದು ಬೂದಿಯೊಳಗಿನ ಹೊಗೆ ಪಕ್ಕದ ಮನೆಗಳಿಗೆ ತಿರುಗಿತು. ಒಣಹಾಕಿದ ಬಟ್ಟೆ ಕಪ್ಪಾಯಿತೆಂದು ಹಿಂದಿನ ಮನೆಯವರು ಕೂಗಾಡಿದರು. ಪೊಲೀಸಿಗೆ ಫೋನ್ ಮಾಡುತ್ತೇವೆ ಎಂದರು. ಮುಂದಿನ ವಾರದಿಂದ ನೀರು ಬೇಕಾದರೆ ಸಂಪು ರೆಡಿ ಇರಬೇಕೆಂದು ಟ್ಯಾಂಕರಿನವನು ಬೇರೆ ಹೇಳಿದ್ದ. ನಾನು ಸೊಂಟಕ್ಕೆ ಕೈ ಇಟ್ಟು ಬಂಡೆಯನ್ನು ನೋಡಿದೆ. ನೀರು ಹಾಕಿದರೆ ಹೊಗೆಯೂ ಅಡಗುತ್ತದೆ, ಕಲ್ಲೂ ಬೇಗ ಬಿರಿಯುತ್ತದೆ, ನಾಳೆಯ ಕೆಲಸ ಇವತ್ತೇ ಆಗುತ್ತದೆ. ಇಪ್ಪತ್ತಾರು ವರ್ಷ ಗೋಲಿ ಒಡೆದು ತೋರಿಸಿದವನಿಗೆ ಇಷ್ಟು ಗೊತ್ತಿಲ್ಲವೇ? ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಅನ್ನುತ್ತಾರೆ, ನಾನು ಅದನ್ನೇ ಹೆಚ್ಚಿ ಒಲೆಯ ಮೇಲಿಟ್ಟೆ. ವಠಾರದವರು ಕೂಲಿಗೆ ಹೋಗಿದ್ದ ಹೊತ್ತು, ಬಾವಿಯಿಂದ ಕೊಡ ಕೊಡ ಸೇದಿ ಬೂದಿಯ ಮೇಲೆ ಸುರಿದೆ. ನೀರಿಲ್ಲದ ಆ ಬೇಸಿಗೆಯಲ್ಲಿ, ಒಬ್ಬೊಬ್ಬರಿಗೆ ಇಂತಿಷ್ಟೇ ಕೊಡ ಎಂದು ನಾನೇ ಕಟ್ಟಳೆ ಮಾಡಿದ್ದ ಬಾವಿಯಿಂದ, ಇಪ್ಪತ್ತು ಕೊಡ.

ಮೊದಲು ಹಬೆ ಎದ್ದಿತು. ಆಮೇಲೆ ಆ ವಾಸನೆ. ನಂತರ ಕಾಲ ಕೆಳಗೆ, ಎಲ್ಲೋ ಆಳದಲ್ಲಿ, ಧಡ್ ಎಂದು ಒಂದೇ ಸದ್ದು. ಹಬೆ ಸರಿದಾಗ ನೋಡಿದೆ. ನೂಲಿನಷ್ಟು ಸಣ್ಣ ಬಿರುಕೊಂದು ಮಲ್ಲಪ್ಪನ ಮಣ್ಣಿನ ದಿಣ್ಣೆಯ ಅಡಿಯಲ್ಲಿ ನುಸುಳಿ ಬಾವಿಯ ಕಟ್ಟೆಯವರೆಗೆ, ಅಲ್ಲಿಂದ ಕಾಂಪೌಂಡಿನ ಕಡೆಗೆ ಹೋಗಿತ್ತು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ವಿಮಲಳನ್ನು ಕರೆದು ತೋರಿಸಿದೆ.

"ಬಾವಿ ಕಡೆ ಹೋಗಿದ್ಯಲ್ರೀ" ಎಂದಳು ಅವಳು.

"ಮೇಲ್ಮೈ ಬಿರುಕು ಅಷ್ಟೇ" ಎಂದೆ.

ಸಂಜೆ ಮಲ್ಲಪ್ಪ ಬಂದ. ಒದ್ದೆ ಬೂದಿ ನೋಡಿದ, ಬಿರುಕಿನ ಉದ್ದಕ್ಕೂ ಬೆರಳಾಡಿಸಿಕೊಂಡು ಬಾವಿಯವರೆಗೆ ಹೋದ. ಅಲ್ಲಿ ಕೂತ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದು ಕೇಳಲಿಲ್ಲ. ಎದ್ದು ಹೊರಗೆ ಬಂದರೆ ಬಾವಿಯ ಸುತ್ತ ಜನ. ಶರಣಮ್ಮ ಇಳಿಬಿಟ್ಟ ಕೊಡ ಕಲ್ಲಿಗೆ ಬಡಿದು ಖಾಲಿ ಮೇಲೆ ಬಂದಿತ್ತು. ತಳದಲ್ಲಿ ಒಂದಿಷ್ಟು ಕೆಸರು ಮಿನುಗುತ್ತಿತ್ತು. ಕಾಂಪೌಂಡಿನ ಆಚೆ ಮೋಟರಿನ ಸದ್ದು. ಹೋಗಿ ನೋಡಿದೆ. ಅಪಾರ್ಟ್‌ಮೆಂಟಿನ ಗುಂಡಿಯ ಗೋಡೆಯಲ್ಲಿ ಒಂದು ಕಡೆಯಿಂದ ನೀರು ಸೋರಿ ತಳದಲ್ಲಿ ಮಡುಗಟ್ಟಿತ್ತು. ಅಲ್ಲಿಯ ಕೆಲಸಗಾರರು ಅದನ್ನು ಪಂಪು ಹಾಕಿ ರಸ್ತೆಯ ಚರಂಡಿಗೆ ಬಿಡುತ್ತಿದ್ದರು. ಹೆಂಗಸರು ಬಿಂದಿಗೆ ಹಿಡಿದು ಚರಂಡಿಯ ಕಡೆ ಓಡಿದರು. ಕೆಸರು, ಸಿಮೆಂಟು ಬೆರೆತ ನೀರು, ಕುಡಿಯುವುದಿರಲಿ ಪಾತ್ರೆ ತೊಳೆಯಲೂ ಬಾರದು. ನಮ್ಮ ಬಾವಿಯ ನೀರು ನಮ್ಮ ಮುಂದೆಯೇ ರಸ್ತೆಯಲ್ಲಿ ಹರಿದುಹೋಗುವುದನ್ನು ಹತ್ತು ಸಂಸಾರ ನಿಂತು ನೋಡಿತು. ಮೂರು ದಿನ ಹರಿಯಿತು.

ಅವತ್ತೇ ಬೆಳಿಗ್ಗೆ ಬಂಡೆಯ ಹತ್ತಿರ ಎಲ್ಲರೂ ಸೇರಿದರು. ಒದ್ದೆ ಬೂದಿ ಇನ್ನೂ ಹಾಗೇ ಇತ್ತು. ಎದುರು ರೂಮಿನ ಬಸವರಾಜ, ಗಾರೆ ಕೆಲಸದವನು, ಕೇಳಿಯೇಬಿಟ್ಟ: "ಬೆಂಕಿ ಮ್ಯಾಲ ನೀರು ಹಾಕಿದ್ದು ಯಾರು?"

ಮಲ್ಲಪ್ಪ ನನ್ನ ಕಡೆ ನೋಡಿದ. ದಿಟ್ಟಿಸಿ ಏನಲ್ಲ, ಸುಮ್ಮನೆ, ಮುಂದೆ ಯಾರು ಮಾತಾಡಬೇಕು ಎಂದು ಕೇಳುವ ಹಾಗೆ. ನಾನು ನೆಲ ನೋಡಿದೆ. ಅಲ್ಲಿದ್ದವರ ಮಕ್ಕಳಿಗೆ ಭಾನುವಾರ ಭಾನುವಾರ ಪಾಠ ಹೇಳುತ್ತಿದ್ದವನು ನಾನು. ನಾನು ನೀರು ಹಾಕಿದೆ ಎನ್ನಲು ಬಾಯಿ ತೆರೆದೆ ಎಂದೇ ನನ್ನ ನೆನಪು. ಆದರೆ ಮಾತು ಹೊರಬರಲಿಲ್ಲ, ಅದಂತೂ ನಿಜ.

"ನಂದೇ ಕೈ ತಪ್ಪ್ಯಾದ" ಎಂದ ಮಲ್ಲಪ್ಪ.

ಜನ ಅವನನ್ನು ಬೈದರು. ಆರು ವರ್ಷ ಅವನ ಹೆಂಡತಿಯ ರೊಟ್ಟಿ ತಿಂದವರೇ ಬೈದರು. ಬಾವಿ ಪಕ್ಕ ಕಲ್ಲು ಸುಡೋಕೆ ಬರದವನು ಯಾಕೆ ಒಪ್ಪಿಕೊಂಡ ಎಂದರು. ನಾನು ನಡುವೆ ಬಂದು, "ಆಗಿದ್ದು ಆಯ್ತು, ಬಿಡಿ" ಎಂದೆ. ದೊಡ್ಡ ಮನಸ್ಸಿನ ಓನರ್ ಎನಿಸಿಕೊಂಡೆ.

ಸಂಜೆ ಅವನೊಬ್ಬನೇ ಸಿಕ್ಕಾಗ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. ಅವನು ಬೀಡಿ ಹಚ್ಚುತ್ತ, "ನೀವು ಇಲ್ಲೇ ಇರೋರು, ನಾವು ಹೋಗೋರು. ಇರೋರ ಹೆಸರು ಕೆಡಬಾರದ್ರಿ" ಎಂದ. ನಾಳೆ ನಾನೇ ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ. ಆ ನಾಳೆ ಬರಲಿಲ್ಲ.

ಸಂಪನ್ನು ಹೇಗೋ ಮುಗಿಸಿದ್ದಾಯಿತು. ಟ್ಯಾಂಕರಿನವನು ಎರಡು ವಾರ ನೀರು ಕೊಟ್ಟ, ಮೂರನೆಯ ವಾರ ದೊಡ್ಡ ಅಪಾರ್ಟ್‌ಮೆಂಟುಗಳ ಕಡೆ ತಿರುಗಿಕೊಂಡ. ರೂಮುಗಳು ಒಂದೊಂದಾಗಿ ಖಾಲಿಯಾದವು. ಬಸವರಾಜನ ಸಂಸಾರ ಮೊದಲು ಹೋಯಿತು. ಶರಣಮ್ಮ ಪಕ್ಕದ ಬೀದಿಯಿಂದ ನೀರು ಹೊತ್ತು ತಂದು ಕೆಲವು ದಿನ ನಡೆಸಿದಳು. ಮೊದಲು ಒಂದು ಖಾನಾವಳಿ ಬಿಟ್ಟಿತು, ಆಮೇಲೆ ಇನ್ನೊಂದು. ಸಹಾಯಕ್ಕಿದ್ದ ಹೆಂಗಸರನ್ನು ಕಳಿಸಿಬಿಟ್ಟಳು. ಇದಕ್ಕಿಂತ ದೊಡ್ಡ ಪೆಟ್ಟು ಮಲ್ಲಪ್ಪನಿಗೆ. ಅವನ ಕೈತಪ್ಪಿನ ಸುದ್ದಿ ಬಸವರಾಜನ ಬಾಯಿಂದ ಗಾರೆಯವರಿಗೆ, ಅವರಿಂದ ಮೇಸ್ತ್ರಿಗಳಿಗೆ ಮುಟ್ಟಿತು. ಬಾವಿ ಒಡೆದ ಮಲ್ಲಪ್ಪ ಎಂದು ಹೆಸರಾಯಿತು. ಮನೆಗಳ ಪಾಯದ ಪಕ್ಕದಲ್ಲಿ ಬೆಂಕಿ ಇಡುವ ಕೆಲಸ ಅದು, ನಂಬಿಕೆಯ ಮೇಲೆ ನಡೆಯುವಂಥದು. ಫೋನು ಬರುವುದು ನಿಂತಿತು. ಹಗಲೆಲ್ಲ ಅವನು ರೂಮಿನ ಬಾಗಿಲಲ್ಲಿ ಕೂತಿರುತ್ತಿದ್ದ. ನಾನು ಸ್ಕೂಲಿಗೆ ಹೋಗುವಾಗ, ಬರುವಾಗ, ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲ್ಕು ಮೇಸ್ತ್ರಿಗಳಿಗೆ ನಾನೇ ಫೋನು ಮಾಡಿ, ತಪ್ಪು ನನ್ನದಪ್ಪ, ಅವನದಲ್ಲ ಎಂದಿದ್ದರೆ ಅವನ ಕಸುಬು ಉಳಿಯುತ್ತಿತ್ತು. ಪರೀಕ್ಷೆ ಪೇಪರು ತಿದ್ದುವ ಕೆಲಸ ಮುಗಿಯಲಿ ಎಂದುಕೊಂಡೆ. ಹಬ್ಬ ಕಳೆಯಲಿ ಎಂದುಕೊಂಡೆ. ವಿಮಲ ಎರಡು ಸಲ ಹೇಳಿದಳು: "ನೀವಾಗಿ ಹೇಳ್ಬಿಡ್ರೀ, ನನಗೆ ಆ ಹೆಂಗಸಿನ ಮುಖ ನೋಡಕ್ಕಾಗ್ತಿಲ್ಲ." ಎರಡನೆಯ ಸಲ ನಾನು ಅವಳ ಮೇಲೆ ರೇಗಿದೆ. ಮೂರನೆಯ ಸಲ ಅವಳು ಹೇಳಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಅವರೂ ಹೊರಟರು. ಎರಡು ಗಂಟು, ಒಂದು ಟ್ರಂಕು, ರೊಟ್ಟಿಯ ದೊಡ್ಡ ಹೆಂಚು. ಮಲ್ಲಪ್ಪ ಆಟೋ ತರಲು ಹೋಗಿದ್ದ. ಶರಣಮ್ಮ ರೂಮಿನ ಬೀಗದ ಕೈ ಕೊಡಲು ಬಂದಳು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಇತ್ತು. ಬೆಳಿಗ್ಗೆ ಎಲ್ಲಿಂದಲೋ ಒಂದು ಕೊಡ ನೀರು ತಂದು ಬಡಿದದ್ದು.

"ಇನ್ನೂ ಬಿಸಿ ಅದಾವ, ಅಮ್ಮಾರಿಗಿ ಕೊಡ್ರಿ" ಎಂದಳು. ಹೋಗಲು ತಿರುಗಿ ಮತ್ತೆ ನಿಂತಳು. "ಸರ್ರ, ನಮ್ಮನಿಯವರು ಕಾದ ಕಲ್ಲಿಗಿ ನೀರು ಹಾಕೋರಲ್ಲ. ಆವತ್ತು ನೀವು ಕೊಡ ಸೇದೋ ಸಪ್ಪಳ ನಾ ಒಳಗಿಂದ ಕೇಳೀನಿ. ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ ದಿನಾ ನೋಡ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇರಲಿ ಬಿಡ್ರಿ" ಎಂದಳು.

ಆಟೋ ಬಂತು. ಆಗಲೂ ನಾನು ಹೇಳಬಹುದಿತ್ತು. ಬೀದಿಯಲ್ಲಿ ಜನ ಇದ್ದರು, ಪಕ್ಕದ ಬೀದಿಯಲ್ಲಿ ಉಳಿದಿದ್ದ ಬಸವರಾಜನ ತಮ್ಮನೂ ಇದ್ದ. ಬೀಗದ ಕೈ ಹಿಡಿದುಕೊಂಡು ನಿಂತಿದ್ದೆ. ಮಲ್ಲಪ್ಪ ಎಂದಿನಂತೆ ಕೈ ಮುಗಿದ.

ಜೂನಿನಲ್ಲಿ ಮಳೆ ಬಂತು, ಚೆನ್ನಾಗಿಯೇ ಬಂತು. ಬಾವಿಗೆ ಬಂದ ನೀರು ಆ ಬಿರುಕಿನ ದಾರಿಯಲ್ಲೇ ಹೋಯಿತು. ಈಗ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಅದರ ತಳಮನೆಯಲ್ಲಿ ವರ್ಷವಿಡೀ ಒಂದು ಪಂಪು ಓಡುತ್ತಿರುತ್ತದೆ. ಹತ್ತು ರೂಮುಗಳನ್ನು ಕೆಡವಿಸಿದೆ. ನಾನು ರಿಟೈರಾದೆ. ಬೀಳ್ಕೊಡುಗೆಯ ದಿನ ಹುಡುಗರು ನನ್ನನ್ನು ಸತ್ಯವನ್ನು ಪ್ರಯೋಗ ಮಾಡಿ ತೋರಿಸಿದ ಮೇಷ್ಟ್ರು ಎಂದು ಹೊಗಳಿದರು. ನಾನು ಹಾರ ಹಾಕಿಸಿಕೊಂಡೆ.

ಲಿಂಗರಾಜಪುರದಿಂದ ಬಂದ ಮೇಲೆ ಮಲ್ಲಪ್ಪನ ಹಳೆಯ ನಂಬರಿಗೆ ಫೋನು ಮಾಡಿದೆ. ಅದು ಈಗ ಬೇರೆ ಯಾರದೋ. ಅವನು ಎಲ್ಲೋ ಒಂದು ಗೇಟಿನಲ್ಲಿ ವಾಚ್‌ಮನ್ ಆಗಿದ್ದಾನೆ, ಶರಣಮ್ಮ ಮನೆಗೆಲಸಕ್ಕೆ ಹೋಗುತ್ತಾಳೆ ಎಂದು ಒಬ್ಬರು ಹೇಳಿದರು. ಯಾವ ಗೇಟು ಎಂದು ಅವರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ನೀರು ಹಾಕಿದವನು ನಾನು, ಮಲ್ಲಪ್ಪ ಅಲ್ಲ. ಆವತ್ತು ನಾಲ್ಕು ಜನರ ಮುಂದೆ ಬಾರದ ಮಾತು ಇವತ್ತು ಕಾಗದದ ಮೇಲೆ ಸಲೀಸಾಗಿ ಬಂದಿದೆ. ಯಾರು ಬೇಕಾದರೂ ಓದಬಹುದು. ಮಲ್ಲಪ್ಪ, ಶರಣಮ್ಮ ಇಬ್ಬರೇ ಓದಲಾರರು. ಆರು ವರ್ಷ ಒಬ್ಬ ಮೇಷ್ಟ್ರ ವಠಾರದಲ್ಲಿದ್ದರೂ ಅವರಿಗೆ ಅಕ್ಷರ ಬರುವುದಿಲ್ಲ.